ದವಡೆ ಬೆಟ್ಟ

ಪರೇಲಿನ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ
ಪರರ ಬಾಯಿಯೇ ನನ್ನ ಅನ್ನ.
ಪ್ಲಾಸ್ಟರಿನ ಮೇಲ್ದವಡೆ, ಕೆಳದವಡೆ,
ಪ್ರತಿಯೊಂದರ ಬೆನ್ನಿಗೆ ಪೆನ್ಸಿಲಿನಲ್ಲಿ ಹೆಸರು, ತಾರೀಖು.
ಸೆಟ್ಟು ಒಯ್ದವರ ಅಚ್ಚು ಆರು ತಿಂಗಳಿಗೆ ಕಸ.
ಒಯ್ಯದವರದ್ದನ್ನು ಎಸೆಯಲು ಕೈ ಬಾರದೆ
ಮೇಲಿನ ಹಲಗೆಗೆ ಸೇರಿಸುತ್ತ ಬಂದೆ,
ಮಾತು ಮುಗಿಯದ ಸಭೆಯ ಹಾಗೆ.

ಅಕ್ಕನ ಮಗಳು ಧೃತಿಗೆ ಹನ್ನೊಂದು.
ಅವಳ ಕಾಲಿಗೂ ಪ್ಲಾಸ್ಟರು, ಡೊಂಬಿವಲಿ ಸ್ಟೇಷನ್ನಿನ
ಮೆಟ್ಟಿಲ ಕೃಪೆ.
ಮೇ ತಿಂಗಳಿಡೀ ಮಂಚದಲ್ಲಿ ಕೂತು ಒಂದು ಆಟ ಕಟ್ಟಿದಳು:
ಘಟ್ಟದಲ್ಲಿ ಹೊರಟ ನೀರು ಖಾಡಿ ಮುಟ್ಟುವುದರೊಳಗೆ
ಯಾರು ಎಷ್ಟು ಕೊಡ ತುಂಬಿಕೊಂಡರು,
ಅಷ್ಟೇ ಆಟ. ನಿಯಮ ಮಾತ್ರ ನಲವತ್ತು.

ಮದುವೆ ಕಾಗದಗಳ ರಟ್ಟು ಕತ್ತರಿಸಿ ಆರು ಮೂಲೆಯ ಮನೆಗಳು.
ಒಂದು ಗದ್ದೆಯ ಅಡಿಯಲ್ಲಿ ಈಗಲೂ ಅರ್ಧ ಗಣಪತಿ,
ಊಟದ ವೇಳೆ ಹನ್ನೆರಡೂವರೆ.
ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರು ಹರಿದರೆ ಕಾಡು.
ಸೋಸಿ ಒಣಗಿಸಿದ ಚಾಪುಡಿ ಮಣ್ಣು.
ಅಕ್ಕ ಒಮ್ಮೆ ಹಚ್ಚಿ ನಾಚಿ ಬಿಟ್ಟ ನೀಲಿ ನೈಲ್ ಪಾಲಿಶು
ಉಲ್ಲಾಸ ನದಿ; ಎರಡು ಪದರ, ನಡುವೆ ಕಾಯಬೇಕು.
ಉಪ್ಪಿನಗದ್ದೆಗೆ ಉಪ್ಪೇ.

"ಬೆಟ್ಟಕ್ಕೆ ಥರ್ಮಾಕೋಲು ಬೇಡ ಮಾಮ,
ಫ್ಯಾನು ಹಾಕಿದರೆ ಓಡುತ್ತದೆ."
ಗ್ಯಾಲರಿಯ ಸರಳುಗಳಾಚೆ ಮಲಂಗಗಡ:
ಒಂದು ಕೋರೆ, ಒಂದು ಸಂದು, ಸವೆದ ಎರಡು ದವಡೆಹಲ್ಲು.
ಇಷ್ಟು ವರ್ಷ ನೋಡಿಯೂ ನೋಡಿರಲಿಲ್ಲ ನಾನು.

ಮರುದಿನ ಟಿಫಿನ್ ಡಬ್ಬಿಯ ಕೆಳಗಿನ ಅಂಕಣದಲ್ಲಿ
ಕಾರ್ಖಾನೀಸರ ಕೆಳದವಡೆ
ಕಲ್ಯಾಣ ಸ್ಲೋ ಹತ್ತಿತು.
ಬೂದು ಬಳಿದೆವು. ಒಣ ಬ್ರಶ್ಶಿನಿಂದ ಮೇಲೆ ಹಸಿರು ಸವರಿದರೆ
ಏಣುಗಳು ಎದ್ದು ನಿಂತವು.
ಕೋರೆಯ ಬುಡಕ್ಕೆ ಏಳು ಮರ, ಸಾಸಿವೆಯ ಬಂಡೆ.

ಜೂನಿನಲ್ಲಿ, ಕೊಡೆ ಮಡಚುತ್ತ, ಒಬ್ಬಾಕೆ ಲ್ಯಾಬಿಗೆ ಬಂದಳು.
ಅಪ್ಪ ಫೆಬ್ರವರಿಯಲ್ಲೇ ಹೋದರಂತೆ. ಸೆಟ್ಟು ಬೇಡ.
"ಅವರ ಸ್ವಂತದ್ದು ಇರುತ್ತದಲ್ಲ, ಅಚ್ಚು?
ಕಾರ್ಖಾನೀಸ್. ಕೆಳಗಿನದ್ದು."
ಆರು ತಿಂಗಳ ನಿಯಮ ಹೇಳಬಹುದಿತ್ತು.
"ನಾಳೆ" ಎಂದೆ.

ಧೃತಿ ಆ ರಾತ್ರಿ ಚಾಕು ತೂರಿಸಿ ಬೆಟ್ಟ ಎಬ್ಬಿಸಿದಳು.
ನಾನು ಮರ ಕೀಳಹೋದೆ.
"ಬಿಡು. ಫೆವಿಕಾಲು. ಕಿತ್ತರೆ ಹಲ್ಲೂ ಬರುತ್ತದೆ."

ಕೌಂಟರಿನಲ್ಲಿ ಆಕೆ ಅದನ್ನು ಎರಡೂ ಕೈಯಲ್ಲಿ ತಿರುಗಿಸಿದಳು.
ಕಾಡಿನ ಬಗ್ಗೆ ಏನೂ ಕೇಳಲಿಲ್ಲ.
ಹೆಬ್ಬೆರಳು ಸಂದಿನಲ್ಲಿ ನಿಂತಿತು:
"ಇಲ್ಲಿಂದಲೇ ಅವರು ಸಿಳ್ಳೆ ಹಾಕುತ್ತಿದ್ದುದು."
ಆಮೇಲೆ, ಎಷ್ಟಾಯಿತು ಎಂದಳು.

ಈಗ ಬೋರ್ಡಿನಲ್ಲಿ ಲಾಳದಾಕಾರದ ಒಂದು ಬೋಳು, ಅಂಟಿನ ಕಲೆ.
ಅಲ್ಲಿಗೆ ಬಂದವರು ಸಿಳ್ಳೆ ಹಾಕಬೇಕು,
ಬಾರದಿದ್ದರೆ ಸರದಿ ಹೋಯಿತು.
ನಲವತ್ತೊಂದನೆಯ ನಿಯಮ.
ನನ್ನ ಸರದಿ ಹೋಗುತ್ತಲೇ ಇದೆ.

ನಿನ್ನೆ ಅವಳು ಬಟ್ಟಲಲ್ಲಿ ಗುಲಾಬಿ ಪುಡಿ ಕಲಸಿ ತಂದಳು.
ನೀರಿನ ಅಳತೆ, ತಿರುವುವ ವೇಗ, ಎಲ್ಲ ನಾನೇ ಕಲಿಸಿದ್ದು.
"ಬಾಯಿ ತೆರೆ. ಮೂಗಿನಲ್ಲಿ ಉಸಿರಾಡು. ಅಲುಗಬೇಡ."
ಪುದೀನದ ವಾಸನೆಯ ತಣ್ಣನೆ ಮುದ್ದೆ
ನಾಲಿಗೆಯನ್ನು ಅದುಮಿ ಕೂತಿತು.
ಎರಡು ನಿಮಿಷ.
ಸರಳುಗಳಾಚೆ ಮಳೆ ಮಲಂಗಗಡವನ್ನು ಪೂರ್ತಿ ಒರೆಸಿತ್ತು.
ಕೆಮ್ಮು ಬಂತು. ತಡೆದೆ.