ಕೆಳಮನೆಯ ಹೆಲ್ಮೆಟ್ಟು

ಹಮಾಮತ್ಸುವಿನ ಹಳೆಸಾಮಾನಿನಂಗಡಿಯಲ್ಲಿ
ಸಾಲು ಅನ್ನದ ಕುಕ್ಕರುಗಳ ಹಿಂದೆ
ಮುಖ ಗೋಡೆಗೆ ಮಾಡಿ ಕೂತಿತ್ತು ಬ್ರೆಡ್ ಮಷೀನು.
ಎರಡು ಸಾವಿರ ಯೆನ್ನು.
ಮುಚ್ಚಳದ ಒಳಗೆ ಯಾರದೋ ಕೈಬರಹದ ಚೀಟಿ,
ಪೋರ್ಚುಗೀಸಿರಬೇಕು; ಗುಂಡಿಗಳ ಮೇಲೆ ಜಪಾನಿ.
ನಾನು ಲಾತ್ವಿಯಾದವಳು. ಇಲ್ಲಿನ ಮಾತು ಬಂದಿತ್ತು, ಲಿಪಿ ಇಲ್ಲ.
ಓದಲು ಸಿಕ್ಕಿದ್ದು ಅಂಕಿಗಳಷ್ಟೆ:
೨೫೦, ೧೮೦, ಆಮೇಲೊಂದು ಒಂಟಿ ೭.

ಏಳು ಏನು? ಗ್ರಾಮೇ, ಗಂಟೆಯೇ, ಮಕ್ಕಳೇ?

ಹಗಲಿಡೀ ಪಿಯಾನೋಗಳ ಶ್ರುತಿ ಕೂಡಿಸುವ ಕೆಲಸ ನನ್ನದು.
ತಂತಿ ಕೂದಲೆಳೆಯಷ್ಟು ಸಡಿಲವಾದರೂ ಕಿವಿಗೆ ಚುಚ್ಚುತ್ತದೆ.
ಇಲ್ಲಿನ ಬ್ರೆಡ್ಡೋ ಹತ್ತಿ, ಬಿಳೀ, ಸಿಹಿ,
ಹಲ್ಲಿಗೆ ಸಿಗುವ ಮುನ್ನವೇ ಸೋತುಹೋಗುವಂಥದ್ದು.
ಕಚ್ಚಿದರೆ ತಿರುಗಿ ಕಚ್ಚುವಂಥದ್ದು ಬೇಕಿತ್ತು ನನಗೆ,
ರೈ ಹಿಟ್ಟಿನದು, ಮಣ್ಣಿನ ಬಣ್ಣದ್ದು.

ಮೊದಲನೆಯದು ಇಟ್ಟಿಗೆ.
ಎರಡನೆಯದು ಶಾಜೀರಿಗೆ ಬಿದ್ದ ಇಟ್ಟಿಗೆ.
ಮೂರನೆಯದರ ಹೊಟ್ಟೆಯೊಳಗೆ ನಾದುವ ರೆಕ್ಕೆ ಸಿಕ್ಕಿಕೊಂಡು
ಚಮಚದ ಹಿಡಿಯಿಂದ ಹೆರಿಗೆ ಮಾಡಿಸಬೇಕಾಯಿತು.

ನಾಲ್ಕನೆಯದಕ್ಕೆ ಟೈಮರ್ ಇಟ್ಟು ಮಲಗಿದೆ.
ನಸುಕಿನ ನಾಲ್ಕಕ್ಕೆ ಮಷೀನು ಎದ್ದು
ದಬ ದಬ ದಬ
ಗಟ್ಟಿ ಹಿಟ್ಟನ್ನು ಅಪ್ಪಳಿಸಿ ನಾದತೊಡಗಿತು.
ನೆಲ ನಡುಗಿತು. ಲೋಟಗಳು ಹಲ್ಲು ಕಡಿದವು.

ಬಾಗಿಲು ಬಡಿದ ಸದ್ದು.
ಕೆಳಮನೆಯ ತೆರಾಕಾವಾ, ಎಪ್ಪತ್ತೊಂಬತ್ತು,
ಪೈಜಾಮದ ಮೇಲೆ ಬಿಳೀ ಹೆಲ್ಮೆಟ್ಟು, ಗದ್ದಕ್ಕೆ ಪಟ್ಟಿ ಬಿಗಿದು,
ಟಾರ್ಚು ಕಂಕುಳಲ್ಲಿ. ಎರಡೂ ಕೈಯಲ್ಲಿ ತಬ್ಬಿ ಹಿಡಿದದ್ದು
ಒಂದು ಗಡಿಗೆ.
“ಜಿದೊರಾ ಸಾನ್, ಬೇಗ ಇಳಿಯಿರಿ!”
ನನ್ನ ಹೆಸರು ದ್ಜಿದ್ರಾ. ಆ ಹೊತ್ತಲ್ಲಿ ತಿದ್ದಲಿಲ್ಲ.

ಮಷೀನು ತೋರಿಸಿದೆ.
ಕಿಂಡಿಯಿಂದ ಟಾರ್ಚು ಬಿಟ್ಟು ನೋಡಿದರು, ತುಂಬ ಹೊತ್ತು.
“ಇಷ್ಟು ಸಣ್ಣ ಭೂಕಂಪವೇ!” ಎಂದರು.

ಗಡಿಗೆಯಲ್ಲೇನು?
ತೌಡು. ಉಪ್ಪು ಹಾಕಿ ಹುಳಿ ಬರಿಸಿದ ಅಕ್ಕಿತೌಡು,
ಸೌತೆ, ಮೂಲಂಗಿ ಹೂತಿಡುವುದಕ್ಕೆ.
ಅವರಮ್ಮ ಶುರು ಮಾಡಿದ್ದು.
ದಿನಕ್ಕೊಮ್ಮೆ ಕೈಯಾಡಿಸದಿದ್ದರೆ ಸತ್ತುಹೋಗುತ್ತದಂತೆ.
ಬ್ಯಾಂಕಿನ ಪುಸ್ತಕ ಕೆಳಗೇ ಇತ್ತು. ಹಲ್ಲಿನ ಸೆಟ್ಟೂ.

ಮೂಸಿ ನೋಡಿದೆ.
ಅದೇ.
ಅಜ್ಜಿಯ ಮರಿಗೆಯ ವಾಸನೆ.
ಎಂದೂ ತೊಳೆಯದ ಮರದ ಮರಿಗೆ,
ಅಂಚಿಗೆ ಒಣಗಿ ಉಳಿದದ್ದೇ ಮುಂದಿನ ವಾರಕ್ಕೆ ಹೆಪ್ಪು.
ತೊಳೆಯಲು ಹೋದ ಸೊಸೆಯ ಜೊತೆ
ಒಂದು ತಿಂಗಳು ಮಾತು ಬಿಟ್ಟಿದ್ದಳು ಅಜ್ಜಿ.

ಒಂದು ಚಮಚ ಕೇಳಿದೆ.
ಅವರು ಗಡಿಗೆಯನ್ನು ನೋಡಿದರು, ನನ್ನನ್ನು ನೋಡಿದರು,
ಹೆಣ್ಣು ಕೊಡುವವರ ಹಾಗೆ ಯೋಚಿಸಿದರು.
ಅರ್ಧ ಚಮಚ ಕೊಟ್ಟರು.

ಆ ಹೆಪ್ಪಿಗೆ ಮಷೀನಿನ ಅವಸರ ಒಗ್ಗಲಿಲ್ಲ.
ನಾದಿ ಮುಗಿಯುತ್ತಲೇ ಪ್ಲಗ್ಗು ಕಿತ್ತು
ಕಂಬಳಿ ಹೊದೆಸಿ ಏಳು ಗಂಟೆ ಬಿಡಬೇಕು.
ಏಳು! ಚೀಟಿಯವಳೇ, ಇದೇ ಏನು ನೀನು ಬರೆದದ್ದು?
ಬ್ರೆಡ್ಡು ಉಬ್ಬಿತು, ಒಂದು ಕಡೆ ವಾಲಿ.
ತುದಿಯ ಗಟ್ಟಿ ತುಂಡು ತೆರಾಕಾವಾಗೆ.
ಸೋಯಾದಲ್ಲಿ ಬೆಂದ ಕಡಲಪಾಚಿ ಹಚ್ಚಿಕೊಂಡು
ಮೆಲ್ಲಮೆಲ್ಲನೆ, ಸೆಟ್ಟು ಜಾರದ ಹಾಗೆ, ತಿಂದರು.
ಚೆನ್ನಾಗಿದೆ ಎನ್ನಲಿಲ್ಲ.
ಶನಿವಾರ ಖಾಲಿ ತಟ್ಟೆ ಹಿಡಿದು ಮತ್ತೆ ಬಂದರು.

ಈಗ ಮೇಲೆ ದಬದಬ ಶುರುವಾದರೆ
ಕೆಳಗೆ ಅವರೂ ಏಳುತ್ತಾರೆ, ಗಡಿಗೆಗೆ ಕೈ ಹಾಕುತ್ತಾರೆ.
ನೆಲಕ್ಕೆ ಕಿವಿಯಿಟ್ಟರೆ ತೌಡು ಮಗುಚುವ ಒದ್ದೆ ಸದ್ದು,
ಮಷೀನಿಗಿಂತ ಅರ್ಧ ಸ್ವರ ಕೆಳಗೆ.

ಹೋದ ಮಂಗಳವಾರ, ನಾಲ್ಕಕ್ಕೆ, ನೆಲ ನಡುಗಿತು.
ಲೋಟಗಳು ಹಲ್ಲು ಕಡಿದವು.
ಕೆಳಗೆ ದೀಪ ಹತ್ತಿತು. ಮುಚ್ಚಳ ತೆಗೆದ ಸದ್ದು.
ತೆರಾಕಾವಾ ನಿಶ್ಚಿಂತೆಯಿಂದ ತೌಡು ಮಗುಚತೊಡಗಿದರು.

ನಾನು ಕತ್ತಲಲ್ಲಿ ಎದ್ದು ಕೂತೆ.
ಅವತ್ತು ಹಿಟ್ಟೇ ಹಾಕಿರಲಿಲ್ಲ.