ಐವತ್ತೆಂಟು

ಇಲ್ಲಿ ಇದಕ್ಕೆ ಎಳ್ಳಿನೆಲೆ ಎಂದು ಹೆಸರು.
ಎಳ್ಳಿಗೂ ಇದಕ್ಕೂ ಎಳ್ಳಷ್ಟೂ ನಂಟಿಲ್ಲ.
ಅಂಗೈಯಗಲ, ಅಂಚೆಲ್ಲ ಗರಗಸ, ಬೆನ್ನಿಗೆ ತುಸು ನೇರಳೆ.
ಚಿವುಟಿ ಚಿವುಟಿ ಉಗುರಿಗೆ ಹತ್ತಿದ ಕಪ್ಪು
ಮೂರು ವರ್ಷದಿಂದ ಯಾವ ಸೋಪಿಗೂ ಬಗ್ಗಿಲ್ಲ.

ಹತ್ತೆಲೆಗೆ ಒಂದು ಕಟ್ಟು.
ತೊಟ್ಟಿಗೆ ತೊಟ್ಟು ಕೂಡಿಸಿ ದಾರ ಸುತ್ತಬೇಕು,
ದಿನಕ್ಕೆ ಹದಿನೈದು ಸಾವಿರ ಎಲೆ.
ಮಿರ್ಯಾಂಗಿನ ಈ ಪ್ಲಾಸ್ಟಿಕ್ ಸುರಂಗದಲ್ಲಿ
ರಾತ್ರಿಯೂ ದೀಪ ಉರಿಯುತ್ತದೆ,
ಗಿಡ ಕತ್ತಲು ಕಂಡು ಹೂ ಬಿಡದಿರಲೆಂದು.
ಎಲೆಯಾಗಿಯೇ ಇರಬೇಕು ಅದು. ಬೀಜ ಕಟ್ಟಿದರೆ ನಷ್ಟ.

ನಾನು ಎಣಿಸುವುದು ಖ್ಮೇರಿನಲ್ಲಿ.
ನಮ್ಮಲ್ಲಿ ಆರಕ್ಕೆ ಬೇರೆ ಪದವಿಲ್ಲ, ಐದು-ಒಂದು.
ಏಳು, ಐದು-ಎರಡು. ಒಂಬತ್ತು, ಐದು-ನಾಲ್ಕು.
ಐದನ್ನು ಮೆಟ್ಟಿಲು ಮಾಡಿಕೊಂಡು ಮೇಲೆ ಹತ್ತುವವರು ನಾವು,
ಐದು ಮುಟ್ಟದವರಿಗೆ ಆರರ ಹೆಸರೇ ಇಲ್ಲ.
ಪ್ರೆಯ್ ವೆಂಗಿನ ಶಾಲೆಯಲ್ಲಿ ಕಲಿತದ್ದು.
ಆಗ ಬರೀ ಲೆಕ್ಕ ಅಂದುಕೊಂಡಿದ್ದೆ.

ನವೆಂಬರಿನ ಒಂದು ಮಧ್ಯಾಹ್ನ ಪ್ಯೋ ಬುನ್‌ಇಮ್ ಅಜ್ಜಿ
ತಳ್ಳುಗಾಡಿಯ ಮೇಲೆ ಭಾರ ಬಿಟ್ಟು ಬಂದಳು.
ಗಾಡಿಯಲ್ಲಿ ಮೂಲಂಗಿ, ಮೂಲಂಗಿಯಡಿ ಅರ್ಜಿ.
"ಕನ್ನಡಕ ಮನೇಲೇ ಬಿಟ್ಟೆ. ನೀನೇ ಬರಿ, ಫಲ್ಲಾ."
ಕನ್ನಡಕ ಅವಳ ಹಣೆಯ ಮೇಲಿತ್ತು.
ನಾನದನ್ನು ನೋಡಲಿಲ್ಲ. ಕೆಲವರ ಅಕ್ಷರ
ಗದ್ದೆಯಲ್ಲೇ ಕಳೆದುಹೋಗಿರುತ್ತದೆ, ನನ್ನಮ್ಮನದೂ ಹಾಗೆಯೇ.

ಇವಳನ್ನು ಇನ್ನೂ ಏಕೆ ಇಟ್ಟುಕೊಳ್ಳುತ್ತೀರಿ, ಕಾರಣ ಬರೆಯಿರಿ.
"ಕೈ ಚುರುಕು ಅಂತ ಬರಿ.
ಎದುರುತ್ತರ ಕೊಡೋದಿಲ್ಲ ಅಂತ ಬರಿ."
ಮೊದಲನೆಯದನ್ನು ಬರೆದೆ.
ಎರಡನೆಯದರ ಜಾಗದಲ್ಲಿ
ಲೆಕ್ಕ ತಪ್ಪುವವಳಲ್ಲ ಎಂದು ಬರೆದು
ಅವಳು ಹೇಳಿದ್ದನ್ನೇ ಓದಿದೆ.
ಅಜ್ಜಿ ತಲೆಯಾಡಿಸಿದಳು.

ಮೊಹರಿನ ಕೆಂಪು ಮಸಿ ಆರಿತ್ತು, ಉಸಿರು ಊದಿ ಒತ್ತಬೇಕು.
ಅವಳದನ್ನು ಬಾಯ ಬಳಿ ತಂದಾಗ ಅಂದುಬಿಟ್ಟೆ:
"ಅಜ್ಜಿ, ನನ್ನ ಕಂಟೇನರಿನ ಬಾಗಿಲಿಗೆ
ಒಳಗಡೆ ಚಿಲಕವಿಲ್ಲ."
ಮೂರು ವರ್ಷ ನುಂಗಿಕೊಂಡಿದ್ದ ಮಾತು.
ಅವಳು ನನ್ನ ಮುಖ ನೋಡಲಿಲ್ಲ. ಒತ್ತಿದಳು.
ಮೂಲಂಗಿ ಇಳಿಸಿ ಹೋದಳು.

ಕಚೇರಿಯಲ್ಲಿ ಅರವತ್ತು ಸಾವಿರ ವಾನ್ ಕಟ್ಟಿಸಿಕೊಂಡರು.
ಎರಡು ಸಾವಿರ ಕಡಿಮೆಯಿದ್ದರೆ ಬಿಡುತ್ತಿದ್ದರೇ?
ಕಿಟಕಿಯ ಹುಡುಗ ಕಾರ್ಡಿನ ಬೆನ್ನಿಗೆ ಹೊಸ ತಾರೀಖು ಹಾಕಿದ:
ಒಂದು ವರ್ಷ, ಹತ್ತು ತಿಂಗಳು.
"ಪೂರ್ತಿ ಎರಡು ವರ್ಷ ಯಾಕಿಲ್ಲ?"
ಅವನ ಕಿವಿ ಕೆಂಪಾಯಿತು.
"ಐದು ತುಂಬಿದರೆ ಬೇರೆ ಲೆಕ್ಕ ಶುರುವಾಗುತ್ತಲ್ಲ,"
ಎಂದವನೇ ಮುಂದಿನ ನಂಬರು ಕೂಗಿದ.

ಬಸ್ಸಿನಲ್ಲಿ ಬೆರಳು ತಾನಾಗಿ ಎಣಿಸಿತು.
ಐದು ವರ್ಷಕ್ಕೆ ಅರವತ್ತು ತಿಂಗಳು, ಆರು ಕಟ್ಟು.
ಕೊನೆಯದರಲ್ಲಿ ಎಂಟೇ ಎಲೆ.
ಇಂಥ ಒಂದೇ ಒಂದು ಕಟ್ಟು ಸಿಕ್ಕರೆ ಸಾಕು,
ಮಂಡಿಯವನು ಇಡೀ ಪೆಟ್ಟಿಗೆ ವಾಪಸು ಕಳಿಸುತ್ತಾನೆ.
ನಾನು ಇದನ್ನು ಎರಡೂ ಕೈಯಲ್ಲಿ ಇಸಕೊಂಡು
ಸೊಂಟದವರೆಗೆ ಬಾಗಿ
ಉಪಕಾರವಾಯಿತು ಅಂದು ಬಂದೆ.
ಖುಷಿಯೂ ಆಗಿತ್ತು, ಸುಳ್ಳು ಯಾಕೆ.
ಅಮ್ಮನಿಗೆ ಫೋನು ಹಚ್ಚಿ
"ಈ ಸಲ ಉದ್ದ ಕೊಟ್ಟಿದಾರೆ" ಎಂದೆ.

ಹೊಸ್ತಿಲಲ್ಲಿ ಅಂಗಡಿಯ ಪೊಟ್ಟಣ. ಯಾರೂ ಇಲ್ಲ.
ಮೊಬೈಲಿನ ಬೆಳಕನ್ನು ಹಲ್ಲಲ್ಲಿ ಕಚ್ಚಿ
ನಾಲ್ಕು ಸ್ಕ್ರೂ ತಿರುವಿದೆ.
ಅಗುಳಿ ತೂತಿಗೆ ಕೂಡುವುದಿಲ್ಲ, ಬಾಗಿಲು ಕುಸಿದಿದೆ.
ಹಿಡಿಕೆ ಹಿಡಿದು, ಒಂದಿಷ್ಟು ಮೇಲೆತ್ತಿ,
ಹೆಗಲು ಕೊಟ್ಟರೆ
ಟಕ್ಕನೆ ಕೂರುತ್ತದೆ.

ಆಚೆ ಸುರಂಗದಲ್ಲಿ ದೀಪ ಉರಿಯುತ್ತಲೇ ಇದೆ.
ಎಲೆಗಳಿಗೆ ನಿದ್ದೆಯಿಲ್ಲ.
ನಾನು ಮಲಗಿದೆ.