ಎಂಟು ಗಜ

ಡಿಂಗ್‌ವಾಲ್ ಪೇಟೆಯಲ್ಲಿ, ಮೀನಂಗಡಿಯ ಮೇಲಿನ ಮಹಡಿ.
ಡಿಸೆಂಬರಿನಲ್ಲಿ ಕಿಟಕಿಯ ಬೆಳಕು ಮೂರೂವರೆಗೇ ಮುಗಿಯುತ್ತದೆ.
ಅಷ್ಟರೊಳಗೆ ಆರು ನೆರಿಗೆ ಸರಿಯಾಗಿ ಕೂತರೆ
ಉಂಡದ್ದು ಅರಗುತ್ತದೆ ನನಗೆ.

ಟಾರ್ಕ್ವಿಲ್ ಬಂದ. ಬೇಲಿ ಹಾಕುವವನು.
ಮೆಟ್ಟಿಲ ಮೇಲೇ ಗೊತ್ತಾಯಿತು, ಮೊಳೆಗಳ ಸದ್ದಿಗೆ.
ಉಟ್ಟದ್ದು ಕಪ್ಪು ಕ್ಯಾನ್ವಾಸಿನ ಕಿಲ್ಟು,
ಎರಡೂ ಮಗ್ಗುಲಿಗೆ ಬುಟ್ಟಿಯಂಥ ಜೇಬು,
ಜೇಬಿನಲ್ಲಿ ಅಳತೆಪಟ್ಟಿ, ಇಕ್ಕಳ, ನಾಯಿಗೊಂದು ಬಿಸ್ಕತ್ತು.
ಸೊಂಟಕ್ಕೆ ಟಿಚ್ ಗುಂಡಿ. ಚೌಕಳಿಯ ಸುಳಿವಿಲ್ಲ.
ಹಿಂದೆ, ನೆರಿಗೆಯೆಂಬ ಹೆಸರಿಗೆ, ಇಸ್ತ್ರಿಯ ಗೀರು.

"ಮಳೆಯಲ್ಲಿ ನೆನೆದರೂ ಬೇಗ ಒಣಗುತ್ತೆ, ಮಾರ್ಸಲಿ.
ಮಷೀನಿಗೇ ಹಾಕಬಹುದು."
ಮಷೀನಿಗೆ!
ನಾನು ಕನ್ನಡಕ ತೆಗೆದು ಒರೆಸಿಕೊಂಡೆ.
ಒರೆಸಲು ಅದರ ಮೇಲೆ ಏನೂ ಇರಲಿಲ್ಲ.

ಕಾಗದದ ಚೀಲದಿಂದ ಇನ್ನೊಂದನ್ನು ತೆಗೆದ. ಅಜ್ಜನದು.
ಎಂಟು ಗಜದ ಉಣ್ಣೆ,
ಎತ್ತಿಕೊಂಡರೆ ನಿದ್ದೆಹೋದ ಕೂಸಿನ ಭಾರ.
ನೆರಿಗೆ ಇಪ್ಪತ್ತೇಳು. ಅಷ್ಟು ಮಡಿಚಿದರೂ ಚೌಕಳಿ ತಪ್ಪಿಲ್ಲ:
ಹಸಿರಿನ ಪಕ್ಕ ನೀಲಿ, ನೀಲಿಯ ನಡುವೆ ಕೂದಲೆಳೆಯ ಹಳದಿ,
ಬಟ್ಟೆಯನ್ನು ಮಡಿಚಿಯೇ ಇಲ್ಲವೇನೋ ಎಂಬಂತೆ.
ಯಾರ ಕೈ? ಮಗುಚಿ ಒಳಹೊಲಿಗೆ ನೋಡಿದೆ.
ಎಡಗೈಯವಳು ಎಂಬುದಷ್ಟೇ ತಿಳಿಯಿತು.
ಸೊಂಟವನ್ನು ಮೂರು ಸಲ ಬಿಚ್ಚಿ ಹಿಗ್ಗಿಸಿದ್ದಾರೆ.
ಒಂದು ಸಲ ಕುಗ್ಗಿಸಿದ್ದಾರೆ,
ಅದು ಅಜ್ಜನ ಕೊನೆಯ ವರ್ಷವಿರಬೇಕು.

"ಜೂನಿನಲ್ಲಿ ಮದುವೆ. ಯಾವುದನ್ನು ಉಡಲಿ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು,
ನಲವತ್ತು ವರ್ಷದಿಂದ ಅಲ್ಲೇ ಇದೆ.
ಆದರೆ ಅವನನ್ನು ನೋಡಿದೆ.
ಕ್ಯಾನ್ವಾಸಿನಲ್ಲಿ ಕೂತಿದ್ದ, ತಾನೇ ನೆಟ್ಟ ಗೂಟದ ಹಾಗೆ, ನೆಲಕ್ಕೆ ಸೇರಿದವನು.
ಅಜ್ಜನದನ್ನು ಸುತ್ತಿಕೊಂಡಾಗ
ಫೋಟೋಕ್ಕೆ ನಿಂತವನ ಹಾಗೆ ಉಸಿರು ಹಿಡಿದ.

ನನಗೆ ಸೂಜಿ ಕೊಟ್ಟ ಓಯ್ರಿಕ್ ಅತ್ತೆ ಹೇಳುತ್ತಿದ್ದಳು:
ಮೊದಲು ಇದು ಹೊಲಿಗೆಯೇ ಇಲ್ಲದ ಒಂದೇ ಹಾಸು.
ನೆಲಕ್ಕೆ ಹರವಿ, ನೆರಿಗೆ ಕೂಡಿಸಿ, ಅದರ ಮೇಲೆ ಮಲಗಿ
ಪಟ್ಟಿ ಬಿಗಿದು ಏಳುತ್ತಿದ್ದರಂತೆ. ರಾತ್ರಿಗೆ ಅದೇ ಕಂಬಳಿ.
ಯಾರೋ ಅದನ್ನು ಸೊಂಟಕ್ಕೆ ಕತ್ತರಿಸಿ ಹೊಲಿದ ದಿನ
ನನ್ನಂಥವಳೊಬ್ಬಳು
ಕನ್ನಡಕವಿಲ್ಲದಿದ್ದರೂ ಒರೆಸಿಕೊಂಡಿರುತ್ತಾಳೆ.

ಹಾಗೆಂದು ಸೋತೆ ಅಂದುಕೊಳ್ಳಬೇಡಿ.
ಟಿಚ್ ಗುಂಡಿ ಟಿಚ್ ಗುಂಡಿಯೇ.
ನಡೆದರೆ ಕ್ಯಾನ್ವಾಸು ಸಡಿಲ ಬಾಗಿಲಿನ ಹಾಗೆ ಬಡಿದುಕೊಳ್ಳುತ್ತದೆ.
ಉಣ್ಣೆಯೋ, ಹೆಜ್ಜೆ ನಿಂತ ಮೇಲೂ ಇನ್ನೊಂದು ಸಲ ತೂಗುತ್ತದೆ.
ಆ ಇನ್ನೊಂದು ಸಲಕ್ಕಾಗಿಯೇ
ನಾನು ಬೆರಳು ಸವೆಸಿದ್ದು.

"ನೀನೇನು ಉಡುತ್ತೀ?" ಕೇಳಿದ.
ನಾನೇ? ಪ್ಯಾಂಟು. ಎರಡು ಜೇಬಿನದು. ಮಷೀನಿಗೇ ಹಾಕುತ್ತೇನೆ.
ಇಬ್ಬರೂ ನಕ್ಕೆವು. ಕೆಳಗಿನಿಂದ ಮೀನಿನ ವಾಸನೆ ಮಹಡಿ ಹತ್ತಿತು.

ಅವನು ಅಜ್ಜನದನ್ನು ಉಟ್ಟೇ ಹೋದ,
ಕೆಸರು ಬೂಟಿನ ಮೇಲೆ, ಮಳೆಯಂಗಿಯ ಕೆಳಗೆ,
ಬೀದಿಯ ತಿರುವಿನವರೆಗೂ ಸ್ವಲ್ಪ ಬಿಗಿಯಾಗಿ, ಆಮೇಲೆ ಮರೆತು.
ಕ್ಯಾನ್ವಾಸಿನದಕ್ಕೆ ಜೇಬು ಹರಿದಿತ್ತು, ಬಿಟ್ಟುಹೋದ.

ರಾತ್ರಿ ದೀಪದ ಕೆಳಗೆ ಕೂತು ಹೊಲಿದೆ,
ಕೈಯಲ್ಲೇ, ರೇಷ್ಮೆ ದಾರದಲ್ಲಿ,
ಯಾರೂ ನೋಡದ ಒಳಮಗ್ಗುಲಿಗೆ,
ಇಂಚಿಗೆ ಹದಿನಾಲ್ಕು.
ಮಷೀನಿಗೆ ಹಾಕಲಿ, ಏನೂ ಆಗುವುದಿಲ್ಲ.

ಬಿಸ್ಕತ್ತು ಜೇಬಿನಲ್ಲೇ ಉಳಿದಿತ್ತು.
ಮನೆಗೆ ಹೋಗಿ ನಾಯಿಗೆ ಏನು ಹೇಳಿದನೋ.